ಪುಡಿ ಮೇಡಂ

ನಮ್ಮ ಕೆಮಿಕಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಹನ್ನೊಂದು ಜನ ಪ್ರಾಧ್ಯಾಪಕರಿದ್ದರು. ಸಮುದ್ರದ ನೀರನ್ನು ಸಿಹಿ ಮಾಡುವುದರಲ್ಲಿ ಒಬ್ಬರು ಎತ್ತಿದ ಕೈ. ಇನ್ನೊಬ್ಬರ ಹೆಸರಿನಲ್ಲಿ ಒಂಬತ್ತು ಪೇಟೆಂಟುಗಳು. ಅಂಥವರ ನಡುವೆ ಪುಡಿ ಮೇಡಂ ಎಂದರೆ ಮುಸಿಮುಸಿ ನಗುವವರೇ ಹೆಚ್ಚು. ಹಿಟ್ಟು, ಸಿಮೆಂಟು, ಔಷಧದ ಪುಡಿ ಯಾವಾಗ ಸರಾಗವಾಗಿ ಇಳಿಯುತ್ತವೆ, ಯಾವಾಗ ಮೊಂಡು ಹಿಡಿದು ನಿಲ್ಲುತ್ತವೆ ಎನ್ನುವುದೇ ಅವರ ವಿದ್ಯೆ. ನಾನು ವಿಭಾಗದ ಫಿಟ್ಟರ್. ಅವರಿಗೆ ಬೇಕಾದ ಉಪಕರಣಗಳನ್ನು ಇಪ್ಪತ್ತೆರಡು ವರ್ಷ ಮಾಡಿಕೊಟ್ಟವನು.

ಅವರ ತಾಯಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರಂತೆ. ಹಿಟ್ಟು ಇಳಿಯುವ ಕೊಳವೆ ಕಟ್ಟಿಕೊಂಡಾಗ ಪುಟ್ಟ ಮಗಳು ಕೋಲಿನಿಂದ ಬಡಿದರೆ, “ಬಡೀಬೇಡ ಕಣೇ, ಬಡಿದಷ್ಟೂ ಗಟ್ಟಿಯಾಗುತ್ತೆ” ಎಂದು ಕೈ ಹಿಡಿಯುತ್ತಿದ್ದರು. ಯಾಕೆ ಎಂದು ಕೇಳಿದರೆ ತಾಯಿಗೆ ಗೊತ್ತಿರಲಿಲ್ಲ. ಆ ‘ಯಾಕೆ’ಯ ಬೆನ್ನು ಹತ್ತಿಯೇ ಮಗಳು ಡಾಕ್ಟರೇಟ್ ತನಕ ಹೋದದ್ದು.

ಒಂದು ಬೆಳಿಗ್ಗೆ ಸೋಪಿನ ಪುಡಿ ಕಾರ್ಖಾನೆಯ ಮ್ಯಾನೇಜರ್ ಬಂದರು. ಅವರಲ್ಲಿ ಪುಡಿ ತುಂಬಿಡುವ, ಮೂರು ಮಹಡಿ ಎತ್ತರದ ಉಕ್ಕಿನ ಹಾಪರ್ ಇತ್ತು. ಕೆಳಭಾಗ ಲಾಳಿಕೆಯ ಹಾಗೆ. ಮೇಲೆ ಟನ್ನುಗಟ್ಟಲೆ ಪುಡಿ ತುಂಬಿದ್ದರೂ ಕೆಳಗೆ ಒಂದು ಹಿಡಿ ಬೀಳುತ್ತಿರಲಿಲ್ಲ. ಹಿಂದಿನ ವಾರ ಹಗ್ಗ ಕಟ್ಟಿಕೊಂಡು ಒಳಗಿಳಿದಿದ್ದ ಕೆಲಸಗಾರನ ಮೇಲೆ ಪುಡಿ ಕುಸಿದು, ಅವನನ್ನು ಕತ್ತಿನ ತನಕ ಹೂತುಹಾಕಿತ್ತು. ಹೇಗೋ ಎಳೆದು ಉಳಿಸಿಕೊಂಡಿದ್ದರು.

ಮಾತು ಮುಗಿಯುವಷ್ಟರಲ್ಲಿ ಮೇಡಂ ಚೀಲ ಹೆಗಲಿಗೇರಿಸಿದ್ದರು. “ಬನ್ನಿ ಅಣ್ಣ, ಹೋಗಿ ನೋಡೋಣ” ಎಂದು ನನ್ನನ್ನು ಕರೆದರು.

ಹಾಪರ್‌ನ ಹೊಟ್ಟೆಯ ತುಂಬ ಸುತ್ತಿಗೆಯ ತಗ್ಗುಗಳು. ಮೇಡಂ ಮೊದಲು ಹುಡುಕಿದ್ದು ಹೂತುಹೋಗಿದ್ದ ಆ ಕೆಲಸಗಾರನನ್ನು. ಎಲ್ಲರ ಬಾಯಲ್ಲೂ ಅವನು ಸುತ್ತಿಗೆಯಣ್ಣ. ಮೇಡಂ ಒಂದು ಡಬ್ಬ ಬೋರಲು ಹಾಕಿ ಅವನೆದುರು ಕೂತರು.

“ಯಾವಾಗ ಜಾಸ್ತಿ ಕಟ್ಟಿಕೊಳ್ಳುತ್ತೆ?”

“ರಜೆ ಕಳೆದ ಮಾರನೇ ದಿನ ಮೇಡಂ. ದಿನಾ ಓಡಿಸ್ತಿದ್ರೆ ಹೇಗೋ ಬರುತ್ತೆ. ಒಂದು ದಿನ ಸುಮ್ನೆ ಬಿಟ್ರೆ ಅದಕ್ಕೆ ಸೊಕ್ಕು ಬರುತ್ತೆ.”

ಬರೆಯುತ್ತಿದ್ದ ಮೇಡಂ ಪೆನ್ನು ನಿಲ್ಲಿಸಿದರು. “ಇದನ್ನ ಇಲ್ಲೀ ತನಕ ಯಾರಿಗಾದ್ರೂ ಹೇಳಿದ್ರಾ?”

“ಯಾರು ಕೇಳಿದ್ರು?”

ಎರಡು ಬಕೆಟ್ ಪುಡಿ ಲ್ಯಾಬಿಗೆ ಬಂತು. ನಾನು ಮಾಡಿಕೊಟ್ಟ ಹಿತ್ತಾಳೆಯ ಬಟ್ಟಲಿನಲ್ಲಿ ಪುಡಿ ತುಂಬಿ, ಮೇಲೆ ಭಾರವಿಟ್ಟು, ಅದನ್ನು ಅಡ್ಡಕ್ಕೆ ಜರುಗಿಸಲು ಎಷ್ಟು ಬಲ ಬೇಕೆಂದು ಅಳೆಯುವುದು. ಸಾಮಾನ್ಯವಾಗಿ ತುಂಬಿದ ಕೂಡಲೇ ಅಳೆಯುತ್ತಿದ್ದರು. ಈ ಸಲ ಭಾರ ಹೊರಿಸಿ ಇಡೀ ಒಂದು ದಿನ ಬಿಟ್ಟು ಅಳೆದರು. ಬಲ ತೋರಿಸುವ ಮುಳ್ಳು ಎಷ್ಟು ಮೇಲೇರಿತೆಂದರೆ, ಬಟ್ಟಲನ್ನೇ ನಾನು ತಪ್ಪು ಕೊರೆದೆನೇನೋ ಎಂದು ಅಳತೆ ಹಿಡಿದು ನೋಡಿದೆ. ಮೇಡಂ ಮತ್ತೆ ಮಾಡಿದರು. ಎರಡು ತಿಂಗಳಲ್ಲಿ ನಲವತ್ತೊಂದು ಸಲ. ಅಷ್ಟೂ ಸಲ ಅದೇ ಉತ್ತರ: ಭಾರದಡಿ ಸುಮ್ಮನೆ ಬಿಟ್ಟರೆ ಪುಡಿ ಗಟ್ಟಿಯಾಗುತ್ತದೆ.

ಕೊನೆಗೆ ಒಂದು ಹಾಳೆ ಮ್ಯಾನೇಜರ್ ಕೈಗೆ ಬಂತು. ಲಾಳಿಕೆ ಇನ್ನೂ ಕಡಿದಾಗಿರಬೇಕು, ಬಾಯಿ ಎರಡು ಗೇಣು ಅಗಲವಾಗಬೇಕು, ಒಳಗೋಡೆಗೆ ನುಣುಪಾದ ಸ್ಟೀಲ್ ಹಾಳೆ ಹೊದಿಸಬೇಕು.

“ಇಷ್ಟೇನಾ?” ಎಂದರು ಮ್ಯಾನೇಜರ್.

“ಇಷ್ಟೇ” ಎಂದರು ಮೇಡಂ.

ಹೊಸ ಲಾಳಿಕೆ ಕೂರಿಸಿ, ಹಾಪರ್ ತುಂಬಿ, ಬೇಕೆಂದೇ ಎರಡು ದಿನ ಮುಟ್ಟದೆ ಬಿಟ್ಟರು. ಮೂರನೇ ದಿನ ಮೇಡಂ ನನ್ನನ್ನು ಮೇಲಿನ ಅಟ್ಟಕ್ಕೆ ಕಳಿಸಿದರು. ಕೆಳಗೆ ಲಾಳಿಕೆಯ ಬಾಗಿಲು ತೆರೆದದ್ದು ನನಗೆ ಕೇಳಿಸಲೇ ಇಲ್ಲ. ಕಣ್ಣೆದುರಿಗಿದ್ದ ಪುಡಿಯ ಆ ಬಿಳಿ ಬಯಲು ಇಡಿಯಾಗಿ, ಎಲ್ಲೂ ಬಿರುಕಿಲ್ಲದೆ, ಕೆರೆಯ ನೀರು ಇಳಿದ ಹಾಗೆ ಇಳಿಯತೊಡಗಿತು. ಅಷ್ಟು ದೊಡ್ಡ ಭಾರ ಅಷ್ಟು ಮೆತ್ತಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಕೆಳಗಿಳಿದು ಬಂದರೆ ಕೆಲಸಗಾರರು ಸುತ್ತಿಗೆ ಹಿಡಿದು ನಿಂತೇ ಇದ್ದರು. ಸುತ್ತಿಗೆಯಣ್ಣ ಬೀಳುವ ಪುಡಿಗೆ ಅಂಗೈ ಒಡ್ಡಿ, ಬಹಳ ಹೊತ್ತು ಹಾಗೇ ಇದ್ದ.

ಈ ಕೆಲಸದ ಬಗ್ಗೆ ಮೇಡಂ ಬರೆದ ಪ್ರಬಂಧ ದೊಡ್ಡ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಮೇಡಂ ತಮ್ಮ ಹೆಸರಿನ ಪಕ್ಕದಲ್ಲೇ ಸುತ್ತಿಗೆಯಣ್ಣನ ಹೆಸರು ಹಾಕಿದ್ದರು. ವಿಭಾಗದ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಇವರು ಯಾವ ಯೂನಿವರ್ಸಿಟಿ?”

“ಮೂವತ್ತು ವರ್ಷ ಆ ಹಾಪರ್ ಕೆಳಗೇ ಇದ್ರು ಸರ್” ಎಂದರು ಮೇಡಂ.

ಪತ್ರಿಕೆಯ ಪ್ರತಿ ತೆಗೆದುಕೊಳ್ಳಲು ಸುತ್ತಿಗೆಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೊಸೆಯನ್ನೂ ಕರೆದುಕೊಂಡು ಬಂದ. ಅವಳು ಹೆಸರಿನ ಮೇಲೆ ಬೆರಳಿಟ್ಟು, “ಇಲ್ಲಿದೆ ನೋಡಿ ಮಾವ” ಎಂದಳು.

“ಅದು ಸರಿ. ಉಳಿದಿದ್ದರಲ್ಲಿ ಏನಿದೆ?”

ಮೇಡಂ ತಮ್ಮ ಕುರ್ಚಿ ಅವನ ಪಕ್ಕಕ್ಕೆ ಎಳೆದುಕೊಂಡರು. ಮೊದಲ ಪುಟದಿಂದ ಶುರುಮಾಡಿ, ಒಂದೊಂದೇ ಸಾಲು ಬಿಡಿಸಿ ಹೇಳಿದರು. ನಡುನಡುವೆ ಅವನು ತಲೆಯಾಡಿಸಿದ. ಎರಡು ಕಡೆ, ಹಾಗಲ್ಲ ಮೇಡಂ ಎಂದು ತಿದ್ದಿದ.