ಕೊನೆಯವನಿಗೆ ಬಿದ್ದ ಚಪ್ಪಾಳೆ

ಆ ಬೀದಿಯ ಕ್ಷೌರಿಕನಿಗೆ ಐವತ್ತು ದಾಟಿತ್ತು. ದಿನವಿಡೀ ನಿಂತೇ ಕೆಲಸ ಮಾಡಿ ಸೊಂಟ ಹಿಡಿದುಕೊಂಡಾಗ ಡಾಕ್ಟರು ಈಜಲು ಹೇಳಿದರು. ಮೊದಮೊದಲು ಕೊಳದ ಅಂಚು ಬಿಡಲು ಹೆದರುತ್ತಿದ್ದವನು, ವರ್ಷ ಕಳೆಯುವಷ್ಟರಲ್ಲಿ ಆ ತುದಿ ಮುಟ್ಟುವಂತಾದ. ಸೊಂಟನೋವು ಹೋಯಿತು, ಬಡಾಯಿ ಬಂತು. ಕುತ್ತಿಗೆಯ ಮೇಲೆ ಕತ್ತಿ ಆಡುವಾಗ ಗಿರಾಕಿಗಳು ಎದುರು ಮಾತಾಡುವಂತಿಲ್ಲವಲ್ಲ, ಅವನ ಈಜಿನ ಕಥೆಗೆಲ್ಲ ಹೂಂಗುಟ್ಟಿದರು.

ಹಿರಿಯರ ಈಜು ಸ್ಪರ್ಧೆಗೆ ಹೆಸರು ಕೊಟ್ಟೇಬಿಟ್ಟ. ಈಜು ಕಲಿಸುವ ಹುಡುಗಿ ಎಚ್ಚರಿಸಿದಳು: "ಅಂಕಲ್, ನಿಮಗೆ ಧುಮುಕೋದು ಇನ್ನೂ ಸರಿಯಾಗಿ ಬಂದಿಲ್ಲ. ನೀರಲ್ಲೇ ನಿಂತು ಶುರು ಮಾಡಿ, ಅದಕ್ಕೂ ಬಿಡ್ತಾರೆ."

"ಎಲ್ರೂ ಮೇಲೆ ನಿಂತಿರುವಾಗ ನಾನೊಬ್ಬ ಕೆಳಗಾ? ನನ್ನ ಮರ್ಯಾದೆ ಏನಾಗ್ಬೇಕಮ್ಮಾ?"

ಸ್ಪರ್ಧೆಯ ದಿನ ಸೀಟಿ ಊದಿದಾಗ ಅವನೂ ಹಾರಿದ. ಹೊಟ್ಟೆ ನೀರಿಗೆ ಚಟೀರೆಂದು ಬಡಿಯಿತು. ಈಜುವಾಗ ಹಾಕುವ ಕನ್ನಡಕ ಜಾರಿ ಬಾಯಿಗೆ ಬಂತು. ಕಣ್ಣು ಮಂಜಾಗಿ, ದಿಕ್ಕು ತಪ್ಪಿ, ಪಕ್ಕದ ಸಾಲು ಬೇರ್ಪಡಿಸುವ ಹಗ್ಗಕ್ಕೆ ಡಿಕ್ಕಿ ಹೊಡೆದು, ಕೆಮ್ಮುತ್ತಾ ಕೈಕಾಲು ಬಡಿದ. ಅವನಿನ್ನೂ ಅರ್ಧದಲ್ಲಿರುವಾಗಲೇ ಉಳಿದವರು ಮೇಲೆ ಹತ್ತಿ ಮೈ ಒರೆಸಿಕೊಳ್ಳುತ್ತಿದ್ದರು. ಮೈಕಿನವನು, "ಕೊನೆಯವರಿಗೆ ಜೋರಾಗಿ ಚಪ್ಪಾಳೆ ಬರಲಿ!" ಎಂದ. ಜನ ಎದ್ದು ನಿಂತು ತಟ್ಟಿದರು. ಆ ಕನಿಕರ ಅವನ ಮೈಗೆ ಮುಳ್ಳಿನಂತೆ ಚುಚ್ಚಿತು. ಗೋಡೆ ಮುಟ್ಟಿದ ಮೇಲೂ ಕನ್ನಡಕ ಸರಿಮಾಡುವ ನೆಪದಲ್ಲಿ ನೀರಲ್ಲೇ ಉಳಿದ.

ಹೆಂಡತಿ ಟವೆಲ್ ಹಿಡಿದು ಅಂಚಿಗೆ ಓಡಿಬಂದಳು. ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳೂ ತಟ್ಟುತ್ತಿದ್ದಳು.

"ನಿನಗೂ ನಾನು ತಮಾಷೆಯಾಗ್ಹೋದ್ನಾ? ನಿಲ್ಸೇ ಅದನ್ನ!" ಎಂದು ಎಲ್ಲರೆದುರೇ ಕಿರುಚಿ ಟವೆಲ್ ಕಿತ್ತುಕೊಂಡ.

ಅವಳ ಕೈ ನಿಂತಿತು. "ನೀವು ಕೆಮ್ತಾ ಮುಳುಗಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ದಡ ಮುಟ್ಟಿದ್ರಲ್ಲ ಅಂತ ತಟ್ಟಿದೆ" ಎಂದು ಮೆಲ್ಲಗೆ ಹೇಳಿ ಹೊರಗೆ ನಡೆದಳು.

ಸೋತ ನಾಚಿಕೆ ಒಂದು ಕಡೆಯಾದರೆ, ಅವಳ ಮೇಲೆ ಕಿರುಚಿದ ನಾಚಿಕೆ ಅದರಪ್ಪನಂಥದ್ದು. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಮರುದಿನ ಗಿರಾಕಿಗಳು ಕೇಳಿದಾಗ "ಕೊನೆಯವನಾದೆ" ಎಂದು ಹೇಗೋ ಒಪ್ಪಿಕೊಂಡ. ಹೆಂಡತಿಯ ಮೇಲೆ ಎಗರಾಡಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಎದುರಿಗಿದ್ದ ಕನ್ನಡಿ ನೋಡಲೂ ಅಂದು ಹಿಂಜರಿಕೆ.

ಮತ್ತೊಂದು ಸ್ಪರ್ಧೆ ಬಂತು. ಹೊರಡುವಾಗ ಅವಳು, "ನೀವೇ ಹೋಗ್ಬನ್ನಿ, ನನಗೆ ಬಟ್ಟೆ ಒಗೆಯೋದಿದೆ" ಎಂದಳು. ಈ ಸಲ ಅವನು ನೀರಿಗಿಳಿದು, ಗೋಡೆ ಹಿಡಿದೇ ಶುರು ಮಾಡಿದ. ಆ ತುದಿ ಮುಟ್ಟಿದಾಗ ಅವನ ಹಿಂದೆ ಇನ್ನೊಬ್ಬರಿದ್ದರು. ತಲೆಯೆತ್ತಿ ನೋಡಿದರೆ ಜನ ಕೂರುವ ಮೆಟ್ಟಿಲ ಮೇಲೆ ತನ್ನವರು ಒಬ್ಬರೂ ಇಲ್ಲ.

ಮನೆಗೆ ಬಂದು ಬಾಗಿಲಲ್ಲೇ ನಿಂತ. "ಅವತ್ತು ನಿನ್ನ ಮೇಲೆ ಹಾಗೆ ಕೂಗಾಡಬಾರದಿತ್ತು ಕಣೇ. ತಪ್ಪಾಯ್ತು."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದಳು ಅವಳು. ಅವನು ತಲೆ ತಗ್ಗಿಸಿದ. ಅವಳು ಅವನ ಚೀಲದಿಂದ ಒದ್ದೆ ಟವೆಲ್ ತೆಗೆದು ಹಿಂಡಿ, ಹಗ್ಗದ ಮೇಲೆ ಹರವಿದಳು.