ಎಡಗಡೆ ಗೂಡಿನ ಮರಿಗಳು

ನಮ್ಮ ಚಿಕ್ಕಮ್ಮ ಕೋಳಿ ಸಂಶೋಧನಾ ಕೇಂದ್ರದಲ್ಲಿ ಮರಿಗಳಿಗೆ ಮೇವು ಹಾಕುವವಳು. ಬಲಗಡೆ ಗೂಡಿಗೆ ಸರಿಯಾದ ಮೇವು. ಎಡಗಡೆಯದರ ಮೇವಿನಲ್ಲಿ ಮೈ ಬೆಳೆಯಲು ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಕೆಂದೇ ಕಡಿಮೆ ಮಾಡಿದ್ದರು, ಪ್ರಯೋಗವಂತೆ. ಆ ಮರಿಗಳು ಎಷ್ಟು ತಿಂದರೂ ಬೆಳೆಯಲಿಲ್ಲ. ನೋಡಲಾರದೆ ಚಿಕ್ಕಮ್ಮ ಎಡಗಡೆ ಮೇವಿನ ಚೀಲದಿಂದಲೇ ಕದ್ದುಮುಚ್ಚಿ ಇನ್ನಷ್ಟು ಸುರಿದಳು. ಬಂದಿದ್ದು ಬರೀ ಹೊಟ್ಟೆಯ ಕೊಬ್ಬು.

“ಇಟ್ಟಿಗೆನೇ ಇಲ್ಲದೆ ಬರೀ ಸಿಮೆಂಟಲ್ಲಿ ಗೋಡೆ ಏಳುತ್ತೇನಮ್ಮಾ? ಮೈಗೆ ಹತ್ತದೆ ಉಳಿದಿದ್ದು ಕೊಬ್ಬಾಗುತ್ತೆ,” ಎಂದರು ಕೇಂದ್ರದ ಡಾಕ್ಟರು.

“ಹಾಗಾದ್ರೆ ಬಲಗಡೆ ಚೀಲದ್ದು ಒಂದು ಹಿಡಿ ಹಾಕ್ಲಾ, ಸಾರ್?”

“ಹಾಕಿದ್ರೆ ಪ್ರಯೋಗ ಕೆಡುತ್ತೆ.”

ಬಲಗಡೆಯ ಆ ಚೀಲ ಚಿಕ್ಕಮ್ಮನ ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ. ಈಗಲೂ ಅವಳ ಬಕೆಟ್ ಸದ್ದಾದರೆ ಎಡಗಡೆಯವೇ ಮೊದಲು ಓಡಿ ಬರುತ್ತವೆ, ಪಾಪ, ಇವಳನ್ನೇ ನಂಬಿಕೊಂಡು.