ಉಡಿ ತುಂಬಿಸಿಕೊಂಡು ಬಿಟ್ಟ ಕೆಲಸ

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಮಂಡಕ್ಕಿ ಉಗ್ಗಾಣಿಯ ವಾಸನೆ ಬಂದರೆ ಸಾಕು, ಈಗಲೂ ದಡಬಡಿಸಿ ಎದ್ದು ಕೂರುತ್ತೇನೆ. ಇದು ಎಮ್ಮಿಗನೂರು, ಇವತ್ತು ರಜೆ ಎಂದು ನೆನಪಾಗುವುದು ಆಮೇಲೆ. ಈ ಸುಖ ನನಗೆ ಎಷ್ಟು ತಡವಾಗಿ ಸಿಕ್ಕಿತು ಗೊತ್ತೇ ನಿಮಗೆ?

ಮೊದಲು ಆದೋನಿಯ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿದ್ದೆ. ಅಲ್ಲಿ ಸಾವಕಾರರನ್ನು ಅಣ್ಣ, ಅವರ ಹೆಂಡತಿಯನ್ನು ಅತ್ತಿಗೆಮ್ಮ ಎನ್ನುವುದು ವಾಡಿಕೆ. ಬೆಳಗಿನ ಉಗ್ಗಾಣಿ ಅವರ ಮನೆಯಿಂದಲೇ ಬರುತ್ತಿತ್ತು. ಕೆಮ್ಮಿದರೆ ಕಷಾಯವೂ ಬರುತ್ತಿತ್ತು. ನಾನು ಹಿರಿಹಿರಿ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಭಾನುವಾರ ಅವರಲ್ಲಿ ಪೂಜೆಯೋ ಸೀಮಂತವೋ ಏನಾದರೊಂದು ಇದ್ದೇ ಇರುತ್ತಿತ್ತು, ಬಡಿಸಲು ನಾನಿರಬೇಕಿತ್ತು. ಒಮ್ಮೆ ರಜೆ ಕೇಳಿದ್ದಕ್ಕೆ ಅಣ್ಣ ನಿಜವಾಗಿಯೂ ನೊಂದುಕೊಂಡರು.

"ಮನಿ ಮಗಳಿಗೆ ರಜಾ ಅಂದ್ರ ಏನವ್ವಾ? ಮನಿಗೆ ಯಾರಾರ ರಜಾ ಹಾಕ್ತಾರೇನು?"

ಗದರಿದ್ದರೆ ತಿರುಗಿ ಮಾತಾಡಬಹುದಿತ್ತು. ನೊಂದುಕೊಂಡವರ ಜೊತೆ ಜಗಳವಾಡುವುದು ಹೇಗೆ? ಹೋಗಿ ಹೋಳಿಗೆ ಬಡಿಸಿದೆ. ಮನೆಯಲ್ಲಿ ನನ್ನ ಗಂಡ ಒಬ್ಬನೇ ಅನ್ನ ಸೀಯಿಸಿಕೊಂಡು ಕೂತಿರುತ್ತಿದ್ದ. "ಆ ಮನಿ ಮಗಳನ್ನ ನಮ್ಮನಿಗೆ ಯಾವಾಗ ಕಳಿಸ್ತಾರಂತ?" ಎಂದು ನಗುತ್ತಲೇ ಕೇಳುತ್ತಿದ್ದ. ನನಗೆ ಅಳು ಬರುತ್ತಿತ್ತು.

ಕೊನೆಗೆ ಎಮ್ಮಿಗನೂರಿನಲ್ಲಿ ಭಾನುವಾರ ರಜೆಯಿರುವ ಕೆಲಸ ಸಿಕ್ಕಿತು. ಆದರೆ ಅಣ್ಣನಿಗೆ ಹೇಳುವುದು ಹೇಗೆ? ಕೆಲಸವನ್ನಾದರೆ ಬಿಡಬಹುದು, ಮನೆ ಬಿಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಹೇಳಿದ ದಿನ ಅತ್ತಿಗೆಮ್ಮ ಕಣ್ಣೊರೆಸಿಕೊಂಡರು. ಅಣ್ಣ ಒಂದೇ ಮಾತು ಕೇಳಿದರು.

"ಏನ್ ಕಮ್ಮಿ ಮಾಡೀವಿ ನಿನಗ?"

"ಏನೂ ಕಮ್ಮಿ ಮಾಡಿಲ್ರಿ ಅಣ್ಣಾ. ಆದ್ರ ಮನಿ ಮಗಳು ಅಂದಮ್ಯಾಲ ಗಂಡನ ಮನಿಗೆ ಕಳಿಸಬೇಕಲ್ರಿ. ಉಡಿ ತುಂಬಿ ಕಳಿಸ್ರಿ."

ಆ ಧೈರ್ಯ ಎಲ್ಲಿಂದ ಬಂತೋ ಕಾಣೆ. ಅಣ್ಣ ಹೆಂಡತಿಯ ಕಡೆ ನೋಡಿದರು. ಅತ್ತಿಗೆಮ್ಮ ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತಂದು ನನ್ನ ಸೆರಗಿಗೆ ತುಂಬಿದರು. "ಸರೇ, ಹೋಗಿ ಬಾ. ಹಬ್ಬಕ್ಕ ತಪ್ಪಿಸಬ್ಯಾಡ" ಎಂದರು.

ತಪ್ಪಿಸಿಲ್ಲ. ಹೋದ ಸಲ ಅಭ್ಯಾಸಬಲದಿಂದ ತುಪ್ಪದ ಗಿಂಡಿಗೆ ಕೈ ಹಾಕಿದೆ. ಅತ್ತಿಗೆಮ್ಮ ಕಸಿದುಕೊಂಡು, "ತವರಿಗೆ ಬಂದಾಕಿ ಕೆಲಸ ಮಾಡ್ತಾಳೇನು, ಕೂಡು" ಎಂದು ನನ್ನ ಗಂಡನ ಪಕ್ಕದಲ್ಲೇ ನನಗೂ ಎಲೆ ಹಾಕಿದರು. ಇವತ್ತೂ ಕರೆದಿದ್ದಾರೆ. ಅವಸರವೇನಿಲ್ಲ, ಊಟದ ಹೊತ್ತಿಗೆ ಹೋದರಾಯಿತು. ತವರಿಗೆ ಕೈಬೀಸಿಕೊಂಡೇ ಹೋಗಬೇಕು.